ಎರಡನೆಯ ಗುಟುಕು

ಇನ್‌ಕ್ಯುಬೇಟರಿನ ಹಿಡಿಯ ಮೇಲೆ ಕೈಯಿಟ್ಟವಳು ಬಾಗಿಲು ತೆಗೆಯದೆ ಹಾಗೇ ನಿಂತಳು. ಒಳಗೆ, ಮನುಷ್ಯರ ಮೈಯಷ್ಟೇ ಬೆಚ್ಚಗಿನ ಕತ್ತಲಲ್ಲಿ, ಭಾನುವಾರದಿಂದ ನಾಲ್ಕು ತಟ್ಟೆಗಳು ಬೋರಲಾಗಿ ಮಲಗಿವೆ. ಅಂಗೈ ಅಗಲದ, ಮುಚ್ಚಳವಿರುವ ತಟ್ಟೆಗಳು; ತಳದಲ್ಲಿ ಸೂಕ್ಷ್ಮಜೀವಿಗಳು ಉಂಡು ಬೆಳೆಯಲೆಂದು ಹಾಕಿದ ಜೆಲ್ಲಿಯಂಥ ಪಾಕ. ಒಂದೇ ಒಂದು ಜೀವಿ ಬಿದ್ದಿದ್ದರೂ ಎರಡು ದಿನದಲ್ಲಿ ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಇವತ್ತು ಮಂಗಳವಾರ. ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಬಂದದ್ದೇ ಯಾರೂ ಇಲ್ಲದಾಗ ಈ ಬಾಗಿಲು ತೆಗೆಯಲಿಕ್ಕೆ. ಬಂದು ನಿಂತರೆ ಕೈ ಏಳುತ್ತಿಲ್ಲ. ಏನಾದರೂ ಬೆಳೆದಿರಲಪ್ಪ ದೇವರೇ ಎಂದು ಮನಸ್ಸು ತನ್ನಷ್ಟಕ್ಕೆ ತಾನೇ ಬೇಡಿಕೊಂಡಿತು. ಬೇಡಿಕೊಂಡದ್ದು ತನಗೇ ಕೇಳಿಸಿದ ಮೇಲೆ ಕಿವಿ ಬಿಸಿಯಾಯಿತು. ಫಲಿತಾಂಶ ಹೀಗೇ ಬರಲಿ ಎಂದು ಮೊದಲೇ ಆಸೆಪಡುವುದು ಈ ಲ್ಯಾಬಿನಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಕರ್ತನ ಬಟ್ಟಲಲ್ಲಿ ಕೊಳೆ ಸಿಗಲಿ ಎಂದು ಕೋರಿಕೊಳ್ಳುವುದು ಚರ್ಚಿನಲ್ಲಿ ಅದಕ್ಕಿಂತ ದೊಡ್ಡ ತಪ್ಪು. ಒಂದೇ ಆಸೆಗೆ ಎರಡು ಕಡೆಯೂ ಅಪರಾಧಿಯಾಗುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು ಎಂದುಕೊಂಡಳು. ನಗು ಬರಲಿಲ್ಲ.

ಊರಿನ ನಲ್ಲಿ ನೀರನ್ನು ಪರೀಕ್ಷಿಸುವ ಲ್ಯಾಬು ಅದು. ದಿನಾ ಬೆಳಗ್ಗೆ ಬಡಾವಣೆ ಬಡಾವಣೆಯಿಂದ ಬಾಟಲಿಗಳು ಬರುತ್ತವೆ. ನೀರು ಸೋಸಿ, ಸೋಸಿದ್ದನ್ನು ತಟ್ಟೆಗೆ ಹಾಕಿ, ಮರುದಿನ ಚುಕ್ಕೆ ಎಣಿಸಿ, ಇಂಥ ಬೀದಿಯ ನೀರು ಕುಡಿಯಬಹುದು, ಇಂಥದ್ದು ಬೇಡ ಎಂದು ಬರೆದು ಕಳಿಸುವುದು ಅವಳ ಕೆಲಸ. ಈ ಕೆಲಸವನ್ನು ಅವಳು ಪ್ರೀತಿಸುತ್ತಾಳೆ, ಅದನ್ನು ಮುಚ್ಚಿಡುವಂಥದ್ದೇನೂ ಇಲ್ಲ. ಕಾಲೇಜಿನ ಮೊದಲ ವರ್ಷ ಕೊಳದ ನೀರಿನ ಒಂದು ಹನಿಯನ್ನು ಮಸೂರದ ಕೆಳಗಿಟ್ಟು ಕಣ್ಣು ತಾಗಿಸಿದಾಗ ಒಳಗೆ ಸಂತೆ ನೆರೆದಿತ್ತು. ಓಡುವವರು, ಗಿರಗಿರ ತಿರುಗುವವರು, ಒಬ್ಬರನ್ನೊಬ್ಬರು ನುಂಗುವವರು, ಸುಮ್ಮನೆ ಹಸಿರಾಗಿ ಕೂತವರು. ಭಾನುವಾರದ ಪಾಠಶಾಲೆಯಲ್ಲಿ ಸೃಷ್ಟಿಯ ದಿನಗಳನ್ನು ಬೆರಳು ಮಡಿಸಿ ಒಪ್ಪಿಸಿದ್ದವಳಿಗೆ, ಇಷ್ಟೊಂದು ಜನ ಇದ್ದಾರೆ ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲ ಎಂದು ಮೊದಲು ಸಿಟ್ಟು ಬಂದು, ಆಮೇಲೆ ತಡೆಯಲಾರದಷ್ಟು ನಗು ಬಂದಿತ್ತು. ಪಕ್ಕದ ಹುಡುಗಿ ಇವಳಿಗೇನಾಯಿತೆಂದು ನೋಡಿದಳು. ಅವತ್ತು ದೇವರು ಚಿಕ್ಕವನಾಗಲಿಲ್ಲ, ಅವಳ ಬೆರಳು ಮಡಿಸುವ ಲೆಕ್ಕ ಚಿಕ್ಕದಾಯಿತು, ಅಷ್ಟೇ. ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅಮ್ಮ, "ಆ ನೀರು ಕೈ ಮೇಲೆ ಚೆಲ್ಕೊಂಡಿಲ್ಲ ತಾನೆ?" ಎಂದು ಕೇಳಿದ್ದಳು.

ಆ ಸಂತೋಷ ಲ್ಯಾಬಿಗೆ ಸೇರಿದ ಮೊದಲ ತಿಂಗಳಲ್ಲೇ ಒಂದು ಕಡೆ ಮುರುಟಿತು. ಹೊಸಬರನ್ನು ಹೆದರಿಸುವುದು ಅಲ್ಲಿ ವಾಡಿಕೆ. ಎಲ್ಲರೂ ನೀರು ಕುಡಿಯುವ ಲೋಟದ ಅಂಚನ್ನು ಹತ್ತಿಕಡ್ಡಿಯಿಂದ ಒರೆಸಿ, ತಟ್ಟೆಗೆ ಸವರಿ, ಎರಡು ದಿನ ಬಿಟ್ಟು, ಚುಕ್ಕೆಗಳಿಂದ ಕಿಕ್ಕಿರಿದ ಆ ತಟ್ಟೆಯನ್ನು ಅವಳ ಮುಂದೆ ಹಿಡಿದರು. ಮರುವಾರ ಚರ್ಚಿನಲ್ಲಿ ಪ್ರಭುಭೋಜನ, ಕರ್ತನ ನೆನಪಿಗೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ. ವೇದಿಯ ಮುಂದಿನ ಕಟಕಟೆಗೆ ಸಾಲಾಗಿ ಮೊಣಕಾಲೂರಿದ್ದಾರೆ. ಒಂದೇ ಬೆಳ್ಳಿಯ ಬಟ್ಟಲು, ನೂರು ವರ್ಷದ್ದು. ಪಾದ್ರಿ ಅಯ್ಯನವರು ಒಬ್ಬೊಬ್ಬರಿಗೂ ಕುಡಿಸಿ, ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ಸ್ವಲ್ಪ ತಿರುಗಿಸಿ, ಮುಂದಿನವರಿಗೆ ಹಿಡಿಯುತ್ತಾರೆ. ಅವಳ ಎಡಗಡೆ ಮೀಸೆ ತಾತ. ರೈಲಿನ ಗಾರ್ಡ್ ಆಗಿದ್ದವರು, ಎರಡೂ ಕೆನ್ನೆ ತುಂಬುವ ಬಿಳಿ ಮೀಸೆಯವರು, ಕುಡಿಯುವಾಗ ತಾವು ಕುಡಿಯುವ ಮೊದಲು ಮೀಸೆಗೆ ಕುಡಿಸುವವರು. ಮೀಸೆಯ ತುದಿಯ ಒಂದು ಕೆಂಪು ಹನಿ ಬಟ್ಟಲಿಗೆ ವಾಪಸ್ ಬಿದ್ದದ್ದನ್ನು ಅವತ್ತು ಅವಳು ನೋಡಿದಳು. ನೋಡಬಾರದಿತ್ತು. ಬಟ್ಟಲು ಅವಳ ಬಾಯಿಗೆ ಬಂದಾಗ ತುಟಿ ತಾನಾಗಿ ಬಿಗಿದುಕೊಂಡಿತು. ದ್ರಾಕ್ಷಾರಸ ತುಟಿಗೆ ತಾಗಿ ಹಿಂದೆ ಹೋಯಿತು. ತಲೆ ಬಾಗಿಸಿ ಆಮೆನ್ ಎಂದಳು, ಬಟ್ಟಲು ಅಮ್ಮನ ಕಡೆ ಸರಿಯಿತು, ಯಾರಿಗೂ ಏನೂ ತಿಳಿಯಲಿಲ್ಲ. ಮೂರು ವರ್ಷವಾಯಿತು. ಇವತ್ತಿನವರೆಗೂ ಅವಳು ಒಂದು ಹನಿ ನುಂಗಿಲ್ಲ. ಪ್ರತಿ ಸಲ ಕಟಕಟೆಯಿಂದ ಏಳುವಾಗ ಪರೀಕ್ಷೆಯಲ್ಲಿ ಪಕ್ಕದವರದ್ದು ನೋಡಿ ಬರೆದು ಎದ್ದು ಬಂದಂತಾಗುತ್ತದೆ.

ಅದೇ ವರ್ಷ ಅಮ್ಮನಿಗೂ ಏನೋ ಆಯಿತು. ಅಲ್ಲಿಯವರೆಗೆ ಎಲ್ಲರ ಹಾಗೆ ಒಂದು ಗುಟುಕು ಕುಡಿಯುತ್ತಿದ್ದ ಅಮ್ಮ, ಎರಡು ಗುಟುಕು ಕುಡಿಯತೊಡಗಿದಳು. ಅಯ್ಯನವರು ಬಟ್ಟಲನ್ನು ಹಿಂದಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಅಮ್ಮನ ಕೈ ಮೆಲ್ಲಗೆ ಅದನ್ನು ತಡೆಯುತ್ತದೆ, ಇನ್ನೊಂದು ಗುಟುಕು ಒಳಗೆ ಹೋಗುತ್ತದೆ, ಆಮೇಲೆಯೇ ಆಮೆನ್. ಮೀಸೆ ತಾತ ಅವಳಿಗೆ 'ಎರಡು ಗುಟುಕಿನ ತಾಯಿ' ಎಂದು ಹೆಸರಿಟ್ಟು, ಮೆಟ್ಟಿಲಿಳಿಯುವಾಗ, "ಏನಮ್ಮ, ಇವತ್ತಿನ ರಸ ಚೆನ್ನಾಗಿತ್ತಾ?" ಎನ್ನುತ್ತಾರೆ. ಅಮ್ಮ ಸೆರಗು ಸರಿಮಾಡಿಕೊಂಡು ನಗುತ್ತಾಳೆ. ಮಗಳು ನೆಲ ನೋಡುತ್ತಾಳೆ. ಒಮ್ಮೆ ಕೇಳಿಯೂ ಕೇಳಿದ್ದಳು, ಯಾಕಮ್ಮ ಹಾಗೆ ಮಾಡ್ತೀಯ, ಎಲ್ಲರೂ ನೋಡ್ತಾರೆ ಎಂದು. "ವಯಸ್ಸಾಯ್ತಲ್ಲ, ಬಾಯಿ ಒಣಗತ್ತೆ" ಎಂದಳು ಅಮ್ಮ. ಬಾಯಿ ಒಣಗಿದರೆ ಮನೆಯಲ್ಲಿ ನೀರು ಕುಡಿದು ಬರಬಾರದೇ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಿದ್ದಳು. ಚಿಕ್ಕವಳಿದ್ದಾಗ ಕೆಮ್ಮಿನ ಸಿರಪ್ಪನ್ನು ಕೆನ್ನೆಯಲ್ಲಿಟ್ಟುಕೊಂಡು ಹಿತ್ತಲಿಗೆ ಓಡಿ ಉಗುಳುತ್ತಿದ್ದ ಅವಳನ್ನು ಇದೇ ಅಮ್ಮ ತೋಳು ಹಿಡಿದು ನಿಲ್ಲಿಸಿ, "ಬಾಯಿ ತೋರಿಸಬೇಡ, ಗಂಟಲು ತೋರಿಸು. ಗಂಟಲು ಅಲ್ಲಾಡಿದ್ರೇ ನಾನು ನಂಬೋದು" ಎನ್ನುತ್ತಿದ್ದಳು. ಅಂಥ ಅಮ್ಮ ಈಗ ಊರೆದುರಿಗೆ ಬಟ್ಟಲು ಹಿಡಿದುಕೊಳ್ಳುತ್ತಾಳಲ್ಲ ಎಂದು ಅವಮಾನ. ಕುಡಿಯದ ತನಗೆ, ಕುಡಿಯುವ ಅಮ್ಮನ ಬಗ್ಗೆ ಅವಮಾನ. ಇದೆಂಥ ನ್ಯಾಯ?

ಬಾಗಿಲು ಇನ್ನೂ ತೆಗೆದಿಲ್ಲ. ಕಾರಿಡಾರಿನಲ್ಲಿ ಯಾರೋ ಕಸ ಗುಡಿಸುವ ಸದ್ದು.

ಈ ನಾಲ್ಕು ತಟ್ಟೆಗಳು ಇಲ್ಲಿಗೆ ಬಂದದ್ದು ಕೆಮ್ಮಿನಿಂದ. ಹೋದ ತಿಂಗಳು ಒಂದು ಭಾನುವಾರದ ನಂತರ ಚರ್ಚಿಗೆ ಬರುವವರಲ್ಲಿ ಹತ್ತು ಹನ್ನೆರಡು ಜನ ಕೆಮ್ಮಿ ಮಲಗಿದರು. ಕಾರ್ಯದರ್ಶಿಯವರು, ಹೈಸ್ಕೂಲಿನ ಗಣಿತದ ಮೇಷ್ಟ್ರು, ಹಿರಿಯರ ಸಭೆಯಲ್ಲಿ ಎದ್ದು ನಿಂತು, ಎಲ್ಲರೂ ಒಂದೇ ಬಟ್ಟಲಿಗೆ ಬಾಯಿ ಹಾಕುವ ಪದ್ಧತಿ ನಿಲ್ಲಬೇಕು, ತಲೆಗೊಂದು ಪುಟ್ಟ ಲೋಟ ತರಿಸಬೇಕು ಎಂದರು. ಹೇಳುವಾಗ ಅವರ ಕಣ್ಣು ಬೇಡವೆಂದರೂ ಮೀಸೆ ತಾತನ ಮೀಸೆಯ ಮೇಲೆ ಎರಡು ಸಲ ಕೂತಿತು. ಅಂದಿನಿಂದ ಕಟಕಟೆಯಲ್ಲಿ ತಾತನ ಪಕ್ಕ ಜಾಗ ಖಾಲಿ ಉಳಿಯತೊಡಗಿತು. "ನೀವು ಆಮೇಲೆ ಬನ್ನಿ, ನಿಧಾನ" ಎಂದು ಕಿರಿಯರು ಅವರನ್ನು ಸಾಲಿನ ಕೊನೆಗೆ ಕಳಿಸುವಷ್ಟು ಮರ್ಯಾದೆ ತೋರಿಸಿದರು. ಆಗ ಅಯ್ಯನವರು, ಜಗಳ ಯಾಕೆ, ನಮ್ಮ ಹುಡುಗಿ ಇದೇ ಕೆಲಸದಲ್ಲಿದ್ದಾಳಲ್ಲ, ನೋಡಿ ಹೇಳಲಿ ಎಂದರು. "ದೇವರಿಗೆ ಪರೀಕ್ಷೆ ಇಡ್ತೀರಾ ಅಯ್ಯನವರೇ?" ಎಂದು ಯಾರೋ ಕೇಳಿದರು. "ದೇವರಿಗಲ್ಲಪ್ಪ, ಬಟ್ಟಲಿಗೆ" ಎಂದರು ಅಯ್ಯನವರು. ಅವಳು ತಕ್ಷಣ ಒಪ್ಪಿದಳು. ಅಷ್ಟು ಬೇಗ ಒಪ್ಪಿದ್ದೇಕೆಂದು ಅವಳಿಗೊಬ್ಬಳಿಗೇ ಗೊತ್ತು. ಬಟ್ಟಲು ಕೊಳಕೆಂದು ಸಾಬೀತಾದರೆ ತನ್ನ ಮೂರು ವರ್ಷದ ಸುಳ್ಳು ಬುದ್ಧಿವಂತಿಕೆಯಾಗಿಬಿಡುತ್ತದೆ. ಪುಟ್ಟ ಲೋಟ ಬಂದರೆ ಅದನ್ನು ನೆಮ್ಮದಿಯಾಗಿ ಕುಡಿದು, ಈ ವಿಷಯವನ್ನು ಯಾರಿಗೂ ಹೇಳದೆ ಬದುಕಿಬಿಡಬಹುದು.

ಬಾಗಿಲು ತೆಗೆದಳು.

ತಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ದೀಪ ಹಾಕಿದಳು. ಗಾಜಿನ ಮೇಲೆ ಮೇಣದ ಪೆನ್ಸಿಲಿನಿಂದ ತಾನೇ ಬರೆದದ್ದು: 'ಮುಂಚೆ', 'ಆಮೇಲೆ', 'ಬಟ್ಟೆ', 'ಬ್ಲ್ಯಾಂಕ್'. ಆರಾಧನೆಗೆ ಮುಂಚಿನ ಬಟ್ಟಲಿನ ಅಂಚು, ಎಲ್ಲರೂ ಕುಡಿದ ಮೇಲಿನ ಅಂಚು, ಒರೆಸುವ ಬಟ್ಟೆ. ನಾಲ್ಕನೆಯದಕ್ಕೆ ಏನನ್ನೂ ಸವರಿಲ್ಲ. ಉಳಿದ ಕೆಲಸ ಮುಗಿಯುವವರೆಗೂ ಅದನ್ನು ಪಕ್ಕದಲ್ಲಿ ತೆರೆದಿಟ್ಟು ಮುಚ್ಚುವುದಷ್ಟೇ. ಕೋಣೆಯ ಗಾಳಿಯಿಂದ, ಕೆಲಸ ಮಾಡುವವರಿಂದ ಏನಾದರೂ ಬಿದ್ದರೆ ಅದು ಹೇಳುತ್ತದೆ. ಮೊದಲ ಮೂರರಲ್ಲೂ ಚುಕ್ಕೆಗಳಿದ್ದವು. 'ಆಮೇಲೆ'ಯಲ್ಲಿ ಮೂವತ್ತೊಂದು. ಅವಳ ಎದೆ ಹಗುರವಾಯಿತು; ನಾನು ಹೇಳಿರಲಿಲ್ಲವಾ ಎಂದು ಯಾರಿಗೋ ಹೇಳಬೇಕೆನಿಸಿತು. ಒಳ್ಳೆಯ ಮುತ್ತಿನಂಥ, ಸಣ್ಣ, ಹಳದಿ ಬಿಳುಪಿನ ಚುಕ್ಕೆಗಳು. ಆದರೆ 'ಮುಂಚೆ'ಯಲ್ಲೂ ಇಪ್ಪತ್ತಾರು, ಅದೇ ಜಾತಿಯವು. ತೊಳೆದು ಒಣಗಿಸಿ ಬೀರುವಿನಲ್ಲಿಟ್ಟ ಬಟ್ಟಲಲ್ಲಿ ಇಪ್ಪತ್ತಾರೇ? ಬ್ಲ್ಯಾಂಕನ್ನು ಬೆಳಕಿಗೆ ಹಿಡಿದಳು. ಎಣಿಸಲು ಬೆರಳು ಸಾಲಲಿಲ್ಲ, ಪೆನ್ಸಿಲ್ ತೆಗೆದುಕೊಂಡಳು. ಎಂಬತ್ತನಾಲ್ಕು. ಯಾರೂ ಮುಟ್ಟದ, ಯಾವ ತುಟಿಯೂ ತಾಗದ ತಟ್ಟೆಯಲ್ಲಿ ಎಂಬತ್ತನಾಲ್ಕು ಮುತ್ತುಗಳು ತುಂಬಿದ ಸಂಸಾರದ ಹಾಗೆ ಕೂತಿದ್ದವು.

"ಇದ್ಯಾವ ಬಡಾವಣೆ ನೀರು?" ಹಿಂದಿನಿಂದ ಹಿರಿಯ ಅಧಿಕಾರಿಯ ದನಿ. ಬ್ಲ್ಯಾಂಕ್ ತಟ್ಟೆಯಿಲ್ಲದ ಯಾವ ಫಲಿತಾಂಶಕ್ಕೂ ಸಹಿ ಹಾಕದ ಅವರಿಗೆ ಲ್ಯಾಬಿನಲ್ಲಿ ಬ್ಲ್ಯಾಂಕ್ ಸರ್ ಎಂದೇ ಹೆಸರು. ದೇವರನ್ನು ನಂಬದವರು, ನಂಬುವವರನ್ನು ಕೆಣಕದೆ ಬಿಡದವರು. ಅಮ್ಮನಿಗೆ ಜ್ವರ ಬಂದಾಗ ಪ್ರಾರ್ಥನೆ ಮಾಡಿದೆ ಸರ್, ಮರುದಿನವೇ ಇಳಿಯಿತು ಎಂದು ಅವಳು ಒಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ, "ಸಂತೋಷ. ಪ್ರಾರ್ಥನೆ ಮಾಡದೆ ಇನ್ನೊಬ್ಬ ಅಮ್ಮನ್ನ ಬ್ಲ್ಯಾಂಕ್ ಇಟ್ಟಿದ್ರಾ?" ಎಂದು ಕೇಳಿ ಕನ್ನಡಕದ ಮೇಲಿನಿಂದ ನೋಡಿದ್ದರು. ಅವತ್ತು ಅವಳಿಗೆ ಕಣ್ಣಲ್ಲಿ ನೀರು ಬಂದಿತ್ತು. ಮರುದಿನ ಬಸ್ಸಿನಲ್ಲಿ ನೆನೆದು, ಪಕ್ಕದವರು ತಿರುಗಿ ನೋಡುವಷ್ಟು ನಕ್ಕಿದ್ದಳು.

"ನೀರಲ್ಲ ಸರ್. ನಮ್ಮ ಚರ್ಚಿನ ಬಟ್ಟಲು."

ಅವರು ಹುಬ್ಬೇರಿಸಲಿಲ್ಲ. ಕುರ್ಚಿ ಎಳೆದುಕೊಂಡು, ಮಸೂರ ತೆಗೆದು, ಒಂದೊಂದೇ ತಟ್ಟೆಯನ್ನು ಚಿನ್ನ ನೋಡುವವರ ಹಾಗೆ ತಿರುಗಿಸಿ ನೋಡಿದರು. ಬ್ಲ್ಯಾಂಕಿನ ಮೇಲೆ ಅವರ ಕಣ್ಣು ಬಹಳ ಹೊತ್ತು ನಿಂತಿತು.

"ಇವು ಬಾಯಲ್ಲಿರೋವು. ಬೆಳ್ಳಿ ಮೇಲಿಂದ ಬಂದಿದ್ದಲ್ಲ. ತಟ್ಟೆ ತೆರೆದಿದ್ದಾಗ ಯಾರಾದ್ರೂ ಮಾತಾಡ್ತಿದ್ರಾ?"

"ಇಲ್ಲ ಸರ್. ವೇದಿ ಹಿಂದಿನ ಕೋಣೇಲಿ ನಾನೊಬ್ಬಳೇ ಇದ್ದೆ."

"ಒಬ್ಬರೇ ಇದ್ದಾಗ ಮಾತಾಡ್ಕೊಳ್ಳೋ ಅಭ್ಯಾಸ ಇದೆಯಾ?"

"ಇಲ್ಲ ಸರ್" ಎಂದವಳ ಬಾಯಿ ಅಲ್ಲೇ ನಿಂತಿತು. ಆ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಆರಾಧನೆಗೆ ಮುಂಚೆ ಆಚೆ ಕಡೆ ಗಾಯಕರು ಅಭ್ಯಾಸ ಮಾಡುತ್ತಿದ್ದರು. ಆಮೇಲೆ ಕೊನೆಯ ಗೀತೆ ನಡೆದಿತ್ತು. ಅವಳು ಚಿಕ್ಕಂದಿನಿಂದ ಎರಡನೆಯ ದನಿಯಲ್ಲಿ ಹಾಡಿದ ಗೀತೆಗಳು, ರಾಗ ಏರಿದಾಗ ಕೆಳಗೆ ಕಂಬದ ಹಾಗೆ ನಿಲ್ಲುವ ದನಿ. ಕಿಟಕಿಯಿಂದ ಬಿಸಿಲು ಬೆಳ್ಳಿಯ ಮೇಲೆ ಬಿದ್ದಿತ್ತು, ಕೈ ತನಗೆ ಗೊತ್ತಿರುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿತ್ತು, ಲ್ಯಾಬಿನ ಕೆಲಸವನ್ನು ಚರ್ಚಿನೊಳಗೆ ಮಾಡುತ್ತಿದ್ದೇನೆ ಎಂಬುದೇ ಒಂದು ಸಡಗರವಾಗಿತ್ತು. ಮೂರು ವರ್ಷದಲ್ಲಿ ಆ ಜಾಗದಲ್ಲಿ ಅಷ್ಟು ಖುಷಿಯಾಗಿ ಅವಳು ಇದ್ದದ್ದೇ ಇಲ್ಲ.

"ಮಾತಾಡ್ಲಿಲ್ಲ ಸರ್" ಎಂದಳು. "ಹಾಡಿದೆ."

"ಎಷ್ಟು?"

"ಮುಂಚೆ ಎರಡು ಚರಣ, ಆಮೇಲೆ ನಾಲ್ಕು."

ಬ್ಲ್ಯಾಂಕ್ ಸರ್ ಮಸೂರ ಕೆಳಗಿಟ್ಟರು. ಅವರ ಭುಜ ಮೊದಲು ಅಲ್ಲಾಡಿತು, ಆಮೇಲೆ ಹೊಟ್ಟೆ, ಕೊನೆಗೆ ಸದ್ದು ಬಂತು. ಬಾಗಿಲಲ್ಲಿ ಕಸಬರಿಕೆ ಹಿಡಿದವಳು ಒಳಗೆ ಇಣುಕಿದಳು. "ಮೂವತ್ತು ವರ್ಷದಲ್ಲಿ ತಟ್ಟೆ ಮೇಲೆ ಸೀನಿದವರನ್ನ ನೋಡಿದ್ದೀನಿ, ಜಗಳ ಆಡಿದವರನ್ನ ನೋಡಿದ್ದೀನಿ. ಸ್ತೋತ್ರ ಹಾಡಿದವರನ್ನ ನೋಡಿದ್ದು ಇದೇ ಮೊದಲು ಕಣಮ್ಮ." ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಮಾಡಿ. ಬಾಯಿಗೆ ಬಟ್ಟೆ ಕಟ್ಕೊಂಡು" ಎಂದು ಎದ್ದು ಹೋದರು.

ಅವಳೂ ನಕ್ಕಳು. ಆದರೆ ಆ ನಗು ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಸಂಜೆ ಐದೂವರೆಗೆ ಹಿರಿಯರ ಸಭೆ, ಮೊದಲ ವಿಷಯವೇ ಅವಳ ವರದಿ. ಅಲ್ಲಿ ನಿಂತು ಏನೆನ್ನುವುದು? ನಾನು ಓದಿದವಳು, ಸರ್ಕಾರಿ ಲ್ಯಾಬಿನವಳು, ಹಾಡಿಕೊಂಡು ಕೆಲಸ ಕೆಡಿಸಿದೆ ಎನ್ನುವುದೇ? ಕಾರ್ಯದರ್ಶಿ ಮೇಷ್ಟ್ರು ಹತ್ತನೇ ತರಗತಿಯಲ್ಲಿ ಅವಳ ಲೆಕ್ಕದ ಪುಸ್ತಕವನ್ನು ಎಲ್ಲರಿಗೂ ಎತ್ತಿ ತೋರಿಸಿ, "ಉತ್ತರ ಸರಿ, ದಾರಿ ಎಲ್ಲಮ್ಮ?" ಎಂದು ಕೇಳಿದ್ದವರು. ಊಟದ ಡಬ್ಬಿಯ ಪಕ್ಕ ಹಾಳೆಯಿಟ್ಟುಕೊಂಡು ಅವಳು ಬರೆದಳು: ಮುಂಚೆ, ಇಪ್ಪತ್ತಾರು. ಆಮೇಲೆ, ಮೂವತ್ತೊಂದು. ಬಟ್ಟೆ, ಇಪ್ಪತ್ತೊಂಬತ್ತು. ಮೂರೂ ನಿಜ. ಒಂದಂಕಿಯೂ ಸುಳ್ಳಲ್ಲ. ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ, ಅಂಥದ್ದೊಂದು ಇರುತ್ತದೆಂದೇ ಚರ್ಚಿನಲ್ಲಿ ಯಾರಿಗೂ ಗೊತ್ತಿಲ್ಲ. ತುಟಿ ಬಿಗಿದು ಆಮೆನ್ ಅಂದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಒಳಗೊಂದು ದನಿ ಕೇಳಿತು. ಅನ್ನ ತಣ್ಣಗಾಗಿತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿದಳು. ತಟ್ಟೆಗಳಿಗೆ ಸುತ್ತಲೂ ಟೇಪು ಅಂಟಿಸಿ ಸ್ಟೀಲ್ ಡಬ್ಬಿಯಲ್ಲಿಟ್ಟು ಅದನ್ನೂ ಹಾಕಿದಳು. ನಾಲ್ಕನೆಯದನ್ನು ಎಸೆಯಲು ಯಾಕೋ ಕೈ ಬರಲಿಲ್ಲ.

ಚರ್ಚಿನ ಪಕ್ಕದ ಹಾಲಿನಲ್ಲಿ ಫ್ಯಾನು ತಿರುಗುವಾಗ ಒಂದು ಸುತ್ತಿಗೊಮ್ಮೆ ಟಿಕ್ ಎನ್ನುತ್ತದೆ. ಅಯ್ಯನವರು ಮಧ್ಯದಲ್ಲಿ, ಮೇಷ್ಟ್ರು ನೋಟ್‌ಬುಕ್ಕಿನೊಂದಿಗೆ, ಮಹಿಳಾ ಸಂಘದ ಪರವಾಗಿ ಅಮ್ಮ, ಇನ್ನಿಬ್ಬರು ಹಿರಿಯರು. ಕೊನೆಯ ಬೆಂಚಿನಲ್ಲಿ ಅವಳಿಗೆ ಪರಿಚಯವಿಲ್ಲದ ಒಬ್ಬ ಮುದುಕರು ಕೊಡೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದರು. ಮುಖ ಕಂದು, ಮೂಗಿನ ಕೆಳಗೆ ಮಾತ್ರ ಬಿಸಿಲು ಕಾಣದ ಬಿಳಿಚು ಚರ್ಮದ ಒಂದು ಪಟ್ಟಿ. ಕೊಡೆಯ ಹಿಡಿ ನೋಡಿದ ಮೇಲೆ ಅವಳಿಗೆ ಗುರುತು ಸಿಕ್ಕಿತು. ತಾತ ಅವಳ ಕಣ್ಣು ತಪ್ಪಿಸಿ, ಅಂಗೈಯಿಂದ ಮೇಲ್ತುಟಿ ಮುಚ್ಚಿಕೊಂಡರು. "ಬೆಳಗ್ಗೆ ತೆಗೆಸಿಬಿಟ್ಟೆ ಮಗಾ" ಎಂದರು, ಎಲ್ಲರಿಗೂ ಕೇಳಿಸುವ ಹಾಗೆ. "ನಿನ್ನ ರಿಪೋರ್ಟಿಗೆ ಕಾಯೋದ್ಯಾಕೆ ಅಂತ. ನಲವತ್ತು ವರ್ಷ ಆಗಿತ್ತು. ಹೋಗ್ಲಿ ಬಿಡು, ನನ್ನಿಂದ ಮಕ್ಕಳು ಮರಿ ಕೆಮ್ಮೋದು ಬೇಡ." ಫ್ಯಾನು ಟಿಕ್ ಎಂದಿತು. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಏನೋ ಬರೆಯುವವರ ಹಾಗೆ ತಲೆ ತಗ್ಗಿಸಿದರು.

ಅವಳು ಎದ್ದು ನಿಂತಳು. ಹಾಳೆ ಚೀಲದಲ್ಲೇ ಉಳಿಯಿತು, ಕೈ ಡಬ್ಬಿಯನ್ನು ಹಿಡಿದು ಮೇಲೆ ಬಂತು. ತಟ್ಟೆಗಳನ್ನು ಹೊರತೆಗೆದು ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು. ಎಲ್ಲರೂ ಎದ್ದು ಬಂದು ಬಗ್ಗಿ ನೋಡಿದರು. ಮೂರರ ವಿಷಯ ಹೇಳಿದಳು. ಮೇಷ್ಟ್ರ ಪೆನ್ನು ಓಡಿತು. ಆಮೇಲೆ ನಾಲ್ಕನೆಯದನ್ನು ಮುಂದಕ್ಕೆ ತಳ್ಳಿ, "ಇದಕ್ಕೆ ಬಟ್ಟಲು ತಾಗಿಲ್ಲ, ಬಟ್ಟೆ ತಾಗಿಲ್ಲ, ಯಾರೂ ತಾಗಿಲ್ಲ. ಎಲ್ಲಕ್ಕಿಂತ ಜಾಸ್ತಿ ಇರೋದು ಇದರಲ್ಲೇ" ಎಂದಳು. "ಕೆಲಸ ಮಾಡುವಾಗ ನಾನು ಹಾಡ್ತಿದ್ದೆ. ಇಷ್ಟೂ ನನ್ನ ಬಾಯಿಂದು. ಬಟ್ಟಲಿಂದಲ್ಲ, ತಾತಂದಂತೂ ಮೊದಲೇ ಅಲ್ಲ." ಹೇಳುತ್ತಾ ಹೇಳುತ್ತಾ ಅವಳಿಗೆ ಹೊಳೆಯಿತು. ಮೂರು ವರ್ಷ ತನಗಿಂತ ಮುಂಚಿನವರ ಬಾಯನ್ನೇ ನೋಡಿದವಳು, ತಾನೂ ಒಬ್ಬರಿಗೆ ಮುಂಚಿನವಳು ಎಂದು ಒಮ್ಮೆಯೂ ಎಣಿಸಿರಲಿಲ್ಲ. ತುಟಿ ಬಿಗಿದುಕೊಂಡು ಬಟ್ಟಲಿನ ಅಂಚಿಗೆ ತಾನು ಬಿಟ್ಟುಹೋದದ್ದನ್ನೆಲ್ಲ ನೇರವಾಗಿ ಕುಡಿದವಳು ಅಮ್ಮ, ಅದೂ ಎರಡೆರಡು ಗುಟುಕು. ಒಂದು ದಿನದ ಜ್ವರ ಬಿಟ್ಟರೆ ಮೂರು ವರ್ಷದಲ್ಲಿ ಅಮ್ಮನಿಗೆ ಏನೂ ಆಗಿರಲಿಲ್ಲ. ಎಂಬತ್ತನಾಲ್ಕು ಮುತ್ತುಗಳು ದೀಪದ ಕೆಳಗೆ ಮಿನುಗುತ್ತಿದ್ದವು, ಎಲ್ಲವೂ ತನ್ನವೇ, ಹಾಡಿನ ಜೊತೆ ಹೊರಗೆ ಬಂದವು. ಇಷ್ಟು ಜನರನ್ನು ಒಳಗಿಟ್ಟುಕೊಂಡು ತಾನು ಯಾರಿಗೆ ಹೇಸಿಕೊಂಡಿದ್ದು?

"ಅಂದ್ರೆ ಬಟ್ಟಲು ಶುದ್ಧವೋ ಅಲ್ಲವೋ?" ಮೇಷ್ಟ್ರು ಪೆನ್ನು ಎತ್ತಿ ಹಿಡಿದಿದ್ದರು.

"ಗೊತ್ತಿಲ್ಲ ಸರ್" ಎಂದಳು. ಈ ಎರಡು ಶಬ್ದ ಇಷ್ಟು ಹಗುರ ಎಂದು ತಿಳಿದಿದ್ದರೆ ಯಾವತ್ತೋ ಹೇಳಿಬಿಡುತ್ತಿದ್ದಳು. "ಪೂರ್ತಿ ಶುದ್ಧ ಅಂತೂ ಇರಲ್ಲ. ಬಾಯಿ ಇರೋ ಕಡೆ ಏನಾದ್ರೂ ಇದ್ದೇ ಇರತ್ತೆ. ಎಷ್ಟು ಅಂತ ಗೊತ್ತಾಗಬೇಕಾದ್ರೆ ಇನ್ನೊಂದ್ಸಲ ಮಾಡಬೇಕು. ಬಾಯಿ ಮುಚ್ಕೊಂಡು."

ಮೊದಲು ನಕ್ಕದ್ದು ಅಯ್ಯನವರು. "ನಲವತ್ತು ವರ್ಷದಿಂದ ನಾನು ಜನಕ್ಕೆ ಜೋರಾಗಿ ಹಾಡಿ ಅಂತ ಹೇಳ್ತಾ ಬಂದಿದ್ದೀನಿ, ಅದಕ್ಕೆ ಸಾಕ್ಷಿ ಇವತ್ತು ಸಿಕ್ಕಿತು ನೋಡಿ" ಎಂದು ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದರು. "ಇದರಲ್ಲಿ ಮೊದಲನೇ ಚರಣ ಯಾವುದಮ್ಮ?" ಮೇಷ್ಟ್ರು ತಡೆದುಕೊಳ್ಳಲು ನೋಡಿ ಸೋತರು; ಆಮೇಲೆ ಗಂಭೀರವಾಗಿ, "ಈ ಸಲ ದಾರಿ ತೋರಿಸಿದ್ದೀಯ. ಉತ್ತರ ಇಲ್ಲ, ಪರವಾಗಿಲ್ಲ" ಎಂದು ಬರೆದದ್ದನ್ನು ಹೊಡೆದು ಹಾಕಿದರು. ಕೆಮ್ಮಿರುವವರಿಗೆ, ಬೇಕೆನ್ನುವವರಿಗೆ ಪುಟ್ಟ ಲೋಟ ಇಡುವುದು, ಉಳಿದವರಿಗೆ ಬಟ್ಟಲು ಇರಲಿ, ಪರೀಕ್ಷೆ ಮುಂದುವರಿಯಲಿ ಎಂದಾಯಿತು. ತಾತ ಮಾತ್ರ ನಗದೆ ಕೊಡೆಯನ್ನು ನೆಲಕ್ಕೆ ಕುಟ್ಟಿ, "ಎಲ್ಲಾ ಸರಿ. ನನ್ನ ಮೀಸೆ ಯಾರು ವಾಪಸ್ ಕೊಡ್ತಾರೆ?" ಎಂದರು. ಆಗ ಹಾಲಿನಲ್ಲಿ ಎದ್ದ ನಗೆಗೆ ಫ್ಯಾನಿನ ಟಿಕ್ ಯಾರಿಗೂ ಕೇಳಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಮಗಳ ಗಂಟಲನ್ನೇ ನೋಡುತ್ತಿದ್ದಳು. ಅದನ್ನು ಅವಳು ಗಮನಿಸಿದಳು, ಯಾಕೆಂದು ತಿಳಿಯಲಿಲ್ಲ.

ಭಾನುವಾರ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬಾಗಿಲು ಮುಚ್ಚಿಕೊಂಡು, ಆಚೆ ಕಡೆ ಹಾಡು ಶುರುವಾದಾಗ ಹಲ್ಲು ಕಚ್ಚಿಕೊಂಡು 'ಮುಂಚೆ'ಯ ತಟ್ಟೆ ಮುಗಿಸಿದಳು. ಆರಾಧನೆಯಲ್ಲಿ ಬಂದು ಕೂತಾಗ ಉಳಿಸಿಟ್ಟುಕೊಂಡದ್ದನ್ನೆಲ್ಲ ಸೇರಿಸಿ ಹಾಡಿದಳು, ಮುಂದಿನ ಬೆಂಚಿನವರು ತಿರುಗಿ ನೋಡಿದರು. ಪ್ರಭುಭೋಜನಕ್ಕೆ ಸಾಲು ಎದ್ದಿತು. ತಾತ ಪದ್ಧತಿಯಂತೆ ಕೊನೆಗೆ ನಿಲ್ಲಲು ಹೊರಟರು. ಅವಳು ಅವರ ತೋಳು ಹಿಡಿದು, "ಇಲ್ಲೇ ಬನ್ನಿ ತಾತ, ನಿಮ್ಮ ಜಾಗ ಇದು" ಎಂದು ಎಡಗಡೆಗೆ ಕರೆತಂದಳು. ಮೇಲ್ತುಟಿಯ ಮೇಲೆ ಐದು ದಿನದ ಬಿಳಿ ಕುರುಚಲು. ಮೊಣಕಾಲ ಕೆಳಗಿನ ದಿಂಬು ಎಂದಿನಂತೆ ಒಂದು ಕಡೆ ತಗ್ಗಾಗಿತ್ತು. ಬಟ್ಟಲು ಶುದ್ಧವೆಂದು ಅವಳಿಗೆ ಗೊತ್ತಿರಲಿಲ್ಲ. ಮಂಗಳವಾರ ಏನು ಬೆಳೆದಿರುತ್ತದೋ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಈ ಸಾಲಿನಲ್ಲಿರುವವರೆಲ್ಲ ಬಾಯಿ ಇರುವವರು, ತಾನೂ ಅವರಲ್ಲೊಬ್ಬಳು, ಶುದ್ಧವಾದ ಮೇಲೆ ಬನ್ನಿ ಎಂದು ಇಲ್ಲಿಗೆ ಯಾರನ್ನೂ ಕರೆದಿಲ್ಲ. ತಾತ ಕುಡಿದರು. ಅಯ್ಯನವರು ಅಂಚು ಒರೆಸಿ, ತಿರುಗಿಸಿ, ಅವಳಿಗೆ ಹಿಡಿದರು. ಬೆಳ್ಳಿ ತಣ್ಣಗಿತ್ತು. ತುಟಿ ಬಿಗಿಯಲು ಹೊರಟು, ಸಡಿಲವಾಯಿತು. ಸಿಹಿ, ಸ್ವಲ್ಪ ಒಗರು, ಗಂಟಲಲ್ಲಿ ಬಿಸಿಯಾಗಿ ಇಳಿಯಿತು. ಮೂರು ವರ್ಷದ ಹಿಂದಿನ ರುಚಿಯೇ. ಅವಳಿಗೆ ಅಳು ಬಂತು, ಅಳುವಿನ ಹಿಂದೆಯೇ ಕೊಳದ ನೀರು ನೋಡಿದ ದಿನದ ಅದೇ ನಗು ಬಂತು. ಎರಡನ್ನೂ ತಡೆದು ಆಮೆನ್ ಎಂದಳು.

ಬಟ್ಟಲು ಅಮ್ಮನ ಕಡೆ ಸರಿಯಿತು. ಮಗಳು ಕಣ್ಣು ಮುಚ್ಚಿ, ಆ ಎರಡನೆಯ ಗುಟುಕಿಗೆ ಎಂದಿನಂತೆ ಮೈ ಹಿಡಿಮಾಡಿಕೊಂಡು ಕಾದಳು. ಒಂದು ಗುಟುಕಿನ ಸದ್ದು. ತಕ್ಷಣ ಆಮೆನ್. ಕಣ್ಣು ತೆರೆದರೆ ಅಮ್ಮ ಆಗಲೇ ಬಟ್ಟಲು ಬಿಟ್ಟು ಕೈ ಜೋಡಿಸಿದ್ದಳು. ಅಯ್ಯನವರು ಅಭ್ಯಾಸಬಲದಿಂದ ಇನ್ನೊಂದು ಗುಟುಕಿಗೆ ಕಾದು ನಿಂತವರು, ಅಮ್ಮನನ್ನು ನೋಡಿ, ಇವಳನ್ನೊಮ್ಮೆ ನೋಡಿ, ಮುಂದೆ ಹೋದರು.

'ಆಮೇಲೆ'ಯ ತಟ್ಟೆಯನ್ನೂ ಬಟ್ಟೆಯದನ್ನೂ ಮುಗಿಸಿ, ಬ್ಲ್ಯಾಂಕ್ ಮುಚ್ಚಿ, ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದಾಗ ಮೆಟ್ಟಿಲ ಮೇಲೆ ಬಿಸಿಲು ಚೆಲ್ಲಿತ್ತು. ಬಾಯಿಗೆ ಕಟ್ಟಿದ ಬಟ್ಟೆಯನ್ನು ಅವಳು ಬಿಚ್ಚುವುದನ್ನೇ ಮರೆತಿದ್ದಳು. ಅಮ್ಮ ಕಂಬಕ್ಕೆ ಒರಗಿ ಕಾಯುತ್ತಿದ್ದಳು, ತಾತ ಕೊಡೆ ಬಿಡಿಸುತ್ತಿದ್ದರು. "ಏನಮ್ಮ ಎರಡು ಗುಟುಕಿನ ತಾಯಿ" ಎಂದರು ತಾತ, "ಇವತ್ತು ಒಂದಕ್ಕೇ ಮುಗಿಸಿಬಿಟ್ರಲ್ಲ. ರಸ ಚೆನ್ನಾಗಿರಲಿಲ್ವಾ?"

ಅಮ್ಮ ಕೈ ಚಾಚಿ ಮಗಳ ಮುಖದ ಬಟ್ಟೆಯನ್ನು ಗಲ್ಲದವರೆಗೆ ಇಳಿಸಿದಳು.

"ನನ್ನ ಪಾಲಿಂದು ಒಂದೇ ಅಲ್ವಾ ತಾತ" ಎಂದಳು. "ಇನ್ನೊಂದು ಇವಳದ್ದು. ಇವತ್ತು ಇವಳೇ ಕುಡಿದ್ಲು."